ಒದ್ದೆ, ಜಿಡ್ಡು, ಮಸಿ, ರಕ್ತ: ಕಷ್ಟದ ಮೇಲ್ಮೈಯಿಂದ ಬೆರಳಚ್ಚು ತೆಗೆಯುವ ಕ್ರಮ

"ಪೌಡರ್ ಹೊಡೆದು ನೋಡಿದೆವು, ಏನೂ ಬರಲಿಲ್ಲ." ನಾಲೆಯಿಂದ ಎತ್ತಿದ ಬೈಕು, ಗ್ರೀಸ್ ಮೆತ್ತಿದ ಪಂಪ್‌ಸೆಟ್ ಸ್ಟಾರ್ಟರ್, ದೀಪದ ಮಸಿ ಹಿಡಿದ ಹುಂಡಿ, ಯಾವುದರ ವರದಿ ತೆಗೆದರೂ ಇದೇ ಸಾಲು. ಅಲ್ಲಿ ಅಚ್ಚು ಇರಲಿಲ್ಲ ಎಂದು ಇದರಿಂದ ಹೇಳಲಾಗದು. ಬಹಳಷ್ಟು ಸಲ ಅಚ್ಚು ಇರುತ್ತದೆ, ಬ್ರಷ್ಷೇ ಅದನ್ನು ಅಳಿಸಿರುತ್ತದೆ. ಗಾಜು, ಬಣ್ಣ ಬಳಿದ ಬಾಗಿಲು, ಒಣ ಸ್ಟೀಲ್ ಬೀರುಗಳ ಮಟ್ಟಿಗೆ ಪೌಡರ್ ಒಳ್ಳೆಯ ಆಯ್ಕೆ. ಮಿಕ್ಕ ಕಡೆ ಅದು ಕೊನೆಗೆ ಬರಬೇಕು, ಇಲ್ಲವೇ ಬರಲೇಬಾರದು. ಸೋಕೊ ಅಧಿಕಾರಿಗಳು (ಅಪರಾಧ ಸ್ಥಳದಲ್ಲಿ ಸಾಕ್ಷ್ಯ ಸಂಗ್ರಹಿಸುವವರು), ಠಾಣೆಯ ತನಿಖಾ ಸಿಬ್ಬಂದಿ ಮತ್ತು ವಿಧಿವಿಜ್ಞಾನ ಕಲಿಯುತ್ತಿರುವವರು ಮತ್ತೆ ಮತ್ತೆ ಎಡವುವ ಜಾಗಗಳನ್ನು ಮಾತ್ರ ಇಲ್ಲಿ ಹಿಡಿದಿದ್ದೇವೆ.

1. ಬ್ರಷ್ ಬದಿಗಿಟ್ಟು ಮೊದಲು ಮೇಲ್ಮೈ ಓದಿ

ಬೆರಳು ಬಿಟ್ಟುಹೋಗುವುದು ಎರಡು ಬಗೆಯ ಪದಾರ್ಥ. ಒಂದು ಬೆವರು: ನೀರು, ಉಪ್ಪು, ಅಮೈನೊ ಆಮ್ಲ. ಇನ್ನೊಂದು ಮುಖ, ತಲೆ ಮುಟ್ಟಿಕೊಂಡಾಗ ಬೆರಳಿಗೆ ಹತ್ತುವ ಕೊಬ್ಬು. ನೀರಿಗೆ ಬಿದ್ದರೆ ಬೆವರಿನ ಭಾಗ ಕರಗಿ ಹೋಗುತ್ತದೆ, ಕೊಬ್ಬು ಉಳಿಯುತ್ತದೆ. ಗ್ರೀಸ್ ಇರುವ ಕಡೆ ಬೆರಳಿನ ಕೊಬ್ಬನ್ನು ಗ್ರೀಸ್‌ನಿಂದ ಬೇರ್ಪಡಿಸಿ ನೋಡುವುದು ಕಷ್ಟ. ರಕ್ತದ ಅಚ್ಚಿನಲ್ಲಿ ನಾವು ಹುಡುಕುವುದು ಪ್ರೋಟೀನು. ಹಾಗಾಗಿ ಯಾವ ರಾಸಾಯನಿಕ ಎಂದು ಯೋಚಿಸುವ ಮೊದಲು, ಈ ವಸ್ತುವಿನ ಮೇಲೆ ಈಗ ಏನು ಉಳಿದಿರಬಹುದು ಎಂದು ಯೋಚಿಸಿ.

ನೋಟ್‌ಬುಕ್ಕಿನಲ್ಲಿ ಇಷ್ಟು ಬರೆದುಕೊಳ್ಳಿ: ಮೇಲ್ಮೈ ನೀರು ಹೀರುತ್ತದೆಯೇ (ಕಾಗದ, ರಟ್ಟು, ಹಸಿ ಮರ) ಇಲ್ಲವೇ (ಗಾಜು, ಲೋಹ, ಪ್ಲಾಸ್ಟಿಕ್), ಬಣ್ಣ ತಿಳಿಯೋ ಗಾಢವೋ, ಏನು ಮೆತ್ತಿದೆ, ಯಾವಾಗಲಾದರೂ ನೆನೆದಿದೆಯೇ. ಕೊನೆಯದನ್ನು ಕೇಳುವುದನ್ನೇ ಹೆಚ್ಚಿನವರು ಮರೆಯುತ್ತಾರೆ. ಇಂದು ಒಣಗಿ ಕಾಣುವ ವಸ್ತು ಮೊನ್ನೆ ಮಳೆಯಲ್ಲಿ ನೆನೆದಿದ್ದರೆ ಅದನ್ನು ನೆನೆದ ವಸ್ತುವಾಗಿಯೇ ನೋಡಬೇಕು.

ಡಿಎನ್‌ಎ ಸ್ವಾಬ್ ಬೇಕೋ, ನೂಲು ಕೂದಲು ಎತ್ತಬೇಕೋ ಎಂಬುದೂ ಇಲ್ಲೇ ತೀರ್ಮಾನವಾಗಲಿ. ಸ್ವಾಬ್ ಗೆರೆಗಳ ಮೇಲೆ ಹರಿಯಬಾರದು. ಪಕ್ಕದ ಕಲೆಯಿಂದ ತೆಗೆದರೆ ಸಾಕು.

2. ಕಿಟ್‌ನಲ್ಲಿ ಇರಬೇಕಾದ್ದು

ಮಾಮೂಲಿ ಕಿಟ್‌ಗೆ ಇವನ್ನು ಸೇರಿಸಿ: ಓರೆ ಬೆಳಕಿಗೆ ಒಳ್ಳೆಯ ಟಾರ್ಚ್, ಟ್ರೈಪಾಡ್, ಮ್ಯಾಕ್ರೊ ಲೆನ್ಸ್, ಅಳತೆಪಟ್ಟಿ, ರಬ್ಬರ್ ಬಲ್ಬ್ ಬ್ಲೋಯರ್, ಕಪ್ಪು ಮತ್ತು ಬಿಳಿ ಜೆಲ್ ಲಿಫ್ಟರ್ (ಅಚ್ಚು ಎತ್ತುವ ಅಂಟು ಹಾಳೆ), ಸಿಲಿಕೋನ್ ಕಾಸ್ಟಿಂಗ್ ಪೇಸ್ಟ್, ಎರಡು ಸ್ಪ್ರೇ ಬಾಟಲಿ, ಗಾಜಿನ ಟ್ರೇ, ಪ್ಲಾಸ್ಟಿಕ್ ಚಿಮಟ, ನೈಟ್ರೈಲ್ ಕೈಗವಸು.

ಡಿಸ್ಟಿಲ್ಡ್ ವಾಟರ್ ಕ್ಯಾನ್ ಒಂದನ್ನು ಮರೆಯದೆ ಇಟ್ಟುಕೊಳ್ಳಿ. ಮಂಡ್ಯ ಕಡೆಯ ಬೋರ್‌ವೆಲ್ ನೀರು ಗಡಸು. ಅದರಲ್ಲಿರುವ ಲವಣ ಒಣಗಿದ ಮೇಲೆ ಬಿಳಿ ಪೊರೆಯಾಗಿ ಕೂರುತ್ತದೆ. ಬೆಳ್ಳಿ ಇರುವ ದ್ರಾವಣವನ್ನಂತೂ ಪೂರ್ತಿ ಕೆಡಿಸುತ್ತದೆ.

ಕೈಗವಸು ಹಾಕಿದ್ದೇವೆ ಎಂದು ವಸ್ತುವಿನ ನಡುಭಾಗ ಹಿಡಿಯಬೇಡಿ. ಕೈಗವಸು ನಿಮ್ಮ ಅಚ್ಚನ್ನು ತಡೆಯುತ್ತದೆ, ಕಳ್ಳನ ಅಚ್ಚನ್ನು ಉಜ್ಜಿಯೂ ಹಾಕುತ್ತದೆ. ಸಾಮಾನ್ಯವಾಗಿ ಯಾರೂ ಹಿಡಿಯದ ಅಂಚು, ಮೂಲೆಗಳಲ್ಲಿ ಹಿಡಿಯಿರಿ.

3. ಮೊದಲು ಬೆಳಕು, ಆಮೇಲೆ ಫೋಟೊ, ಆಮೇಲೆ ಉಳಿದದ್ದು

ಕೋಣೆಯ ಬೆಳಕು ತಗ್ಗಿಸಿ ಟಾರ್ಚನ್ನು ಮೇಲ್ಮೈಗೆ ತೀರಾ ಓರೆಯಾಗಿ ಹಿಡಿದು ಸುತ್ತ ತಿರುಗಿಸಿ. ಗ್ರೀಸ್, ಧೂಳು, ರಕ್ತ, ಬೆಲ್ಲದ ಅಚ್ಚುಗಳಲ್ಲಿ ಎಷ್ಟೋ ಇಲ್ಲೇ ಕಾಣುತ್ತವೆ.

ಕಂಡದ್ದನ್ನೆಲ್ಲ ಅಲ್ಲೇ ಫೋಟೊ ತೆಗೆಯಿರಿ. ಕ್ಯಾಮೆರಾ ಮೇಲ್ಮೈಗೆ ನೇರ 90 ಡಿಗ್ರಿಯಲ್ಲಿರಲಿ. ಅಳತೆಪಟ್ಟಿ ಅಚ್ಚು ಇರುವ ಸಮತಲದಲ್ಲೇ ಇರಲಿ, ಅರ್ಧ ಇಂಚು ಮೇಲೆಯೋ ಕೆಳಗೋ ಇದ್ದರೆ ಅಳತೆ ತಪ್ಪುತ್ತದೆ. ನಿಜ ಗಾತ್ರಕ್ಕೆ ತಂದಾಗ ಚಿತ್ರ ಕನಿಷ್ಠ 1000 ಪಿಪಿಐ (ಇಂಚಿಗೆ ಇಷ್ಟು ಪಿಕ್ಸೆಲ್) ಬರಬೇಕು. ಮೊಬೈಲ್‌ನಲ್ಲಿ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿದ ಚಿತ್ರದಿಂದ ಸ್ಥಳದ ಅಂದಾಜು ಸಿಗುತ್ತದೆ, ಹೋಲಿಕೆಗೆ ಅದು ಆಗುವುದಿಲ್ಲ.

ಮುಂದಿನ ಪ್ರತಿ ಹಂತದ ನಂತರವೂ ಫೋಟೊ ಬೇಕು. ಪ್ರತಿ ರಾಸಾಯನಿಕವೂ ಹಿಂದಿನದನ್ನು ಸ್ವಲ್ಪ ಕೆಡಿಸಿಯೇ ಮುಂದೆ ಹೋಗುತ್ತದೆ.

ಇನ್ನೊಂದು ಅಭ್ಯಾಸ ಮಾಡಿಕೊಳ್ಳಿ. ಅದೇ ಬಗೆಯ ಬೇರೊಂದು ವಸ್ತು ಹುಡುಕಿ, ಅದರ ಮೇಲೆ ನಿಮ್ಮದೇ ಬೆರಳು ಒತ್ತಿ, ಅದೇ ರೀತಿ ಕೊಳೆ ಮಾಡಿ, ದ್ರಾವಣ ಅಲ್ಲಿ ಕೆಲಸ ಮಾಡುತ್ತದೆಯೇ ನೋಡಿ. ಅಲ್ಲಿ ಬರದಿದ್ದರೆ ದ್ರಾವಣ ಹಳಸಿದೆ, ಅಥವಾ ವಿಧಾನವೇ ತಪ್ಪು. ಐದು ನಿಮಿಷದ ಈ ಪರೀಕ್ಷೆಯನ್ನು ಹಾರಿಸಿದವರು ಸಾಕ್ಷ್ಯದ ಮೇಲೆಯೇ ಪ್ರಯೋಗ ಮಾಡಿದಂತಾಗುತ್ತದೆ.

4. ನಾಲೆ, ಕೆರೆ, ಇಬ್ಬನಿ: ಒದ್ದೆ ಮೇಲ್ಮೈ

ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯಿಂದ ಎತ್ತಿದ ಬೈಕಿನ ಟ್ಯಾಂಕ್ ಕಂಡ ತಕ್ಷಣ ಯಾರಾದರೊಬ್ಬರು ಬಟ್ಟೆ ಹಿಡಿದು ಒರೆಸಲು ಬರುತ್ತಾರೆ. ಅವರನ್ನು ಮೊದಲು ತಡೆಯಿರಿ. ಒದ್ದೆ ಮೇಲೆ ಒಣ ಪೌಡರ್ ಹಾಕಿದರೆ ಅದು ಕೆಸರಾಗಿ ಗೆರೆಗಳ ನಡುವೆ ತುಂಬಿಕೊಳ್ಳುತ್ತದೆ, ಆಮೇಲೆ ಬಿಡಿಸಲು ಬಾರದು.

ಇಲ್ಲಿ ಎರಡೇ ದಾರಿ. ಒದ್ದೆಯಾಗಿರುವಾಗಲೇ ಸ್ಮಾಲ್ ಪಾರ್ಟಿಕಲ್ ರಿಯೇಜೆಂಟ್, ಅಂದರೆ ಎಸ್‌ಪಿಆರ್ ಬಳಸುವುದು; ನೀರಿನಲ್ಲಿ ಕಲಕಿದ ಇದರ ಸಣ್ಣ ಪುಡಿ ಅಚ್ಚಿನ ಕೊಬ್ಬಿಗೆ ಅಂಟುತ್ತದೆ. ಇಲ್ಲವೇ ನೆರಳಿನಲ್ಲಿ, ಕೋಣೆಯ ಉಷ್ಣತೆಯಲ್ಲಿ ಪೂರ್ತಿ ಒಣಗಿಸಿ ಸೂಪರ್ ಗ್ಲೂ ಹೊಗೆಗೆ (ಕಾಯಿಸಿದ ಗ್ಲೂವಿನ ಆವಿ ಗೆರೆಗಳ ಮೇಲೆ ಬಿಳಿಯಾಗಿ ಕೂರುವ ವಿಧಾನ, ಭಾಗ 10 ನೋಡಿ) ಒಯ್ಯುವುದು. ಬಿಸಿಲಿಗಿಡುವುದು, ಹೇರ್ ಡ್ರೈಯರ್ ಹಿಡಿಯುವುದು ಎರಡೂ ಬೇಡ, ಬಿಸಿಗೆ ಕೊಬ್ಬು ಕರಗಿ ಗೆರೆ ಹರಡುತ್ತದೆ. ಬೆಳಗಿನ ಇಬ್ಬನಿ ಬಿದ್ದ ಕಾರಿಗೆ ಸುಮ್ಮನೆ ಕಾಯುವುದೇ ಸರಿ. ಎರಡು ಗಂಟೆಯಲ್ಲಿ ಅದು ತಾನಾಗಿ ಒಣಗುತ್ತದೆ, ಅಷ್ಟು ಹೊತ್ತು ಟೇಪ್ ಕಟ್ಟಿ ಜನರನ್ನು ದೂರ ಇಡಿ.

ಎಸ್‌ಪಿಆರ್ ಮಾಡುವ ಬಗೆ: 1 ಲೀಟರ್ ಡಿಸ್ಟಿಲ್ಡ್ ನೀರಿಗೆ 30 ಗ್ರಾಂ ಮಾಲಿಬ್ಡಿನಮ್ ಡೈಸಲ್ಫೈಡ್ ಪುಡಿ, 3 ಹನಿ ಫೋಟೊ-ಫ್ಲೋ 200 (ಸೋಪಿನಂಥ ದ್ರವ). ಇದು ಬೂದು-ಕಪ್ಪು ಬಣ್ಣದ್ದು, ತಿಳಿ ಮೇಲ್ಮೈಗೆ ಸರಿ. ಕಪ್ಪು ಟ್ಯಾಂಕಿಗೆ ಟೈಟಾನಿಯಂ ಡೈಆಕ್ಸೈಡ್ ಇರುವ ಬಿಳಿ ಎಸ್‌ಪಿಆರ್ ಬೇಕು.

ಪುಡಿ ಕ್ಷಣಗಳಲ್ಲಿ ತಳಕ್ಕೆ ಕೂರುತ್ತದೆ. ಪ್ರತಿ ಸಲ ಒತ್ತುವ ಮೊದಲು ಬಾಟಲಿ ಅಲ್ಲಾಡಿಸಿ. ಅಲ್ಲಾಡಿಸದೆ ಹೊಡೆದವರು ಬರೀ ಸೋಪಿನ ನೀರು ಹೊಡೆದಿರುತ್ತಾರೆ.

ಮೊದಲು ಕೆಸರು. ಒಣಗಿದ ಕೆಸರನ್ನು ಕೆರೆಯಬೇಡಿ. ಅಚ್ಚು ನಿರೀಕ್ಷಿಸುವ ಜಾಗಕ್ಕಿಂತ ಮೇಲಿನಿಂದ ಡಿಸ್ಟಿಲ್ಡ್ ನೀರನ್ನು ಸಣ್ಣಗೆ ಹರಿಯಬಿಡಿ, ಅದು ತಾನೇ ಇಳಿದು ಹೋಗಲಿ. ಅದೇ ರೀತಿ ಎಸ್‌ಪಿಆರ್ ಅನ್ನೂ ಅಚ್ಚಿನ ಮೇಲೆ ನೇರವಾಗಿ ಹೊಡೆಯದೆ, ಮೇಲಿನಿಂದ ಹರಿದು ಬರುವಂತೆ ಹೊಡೆಯಿರಿ. ಗೆರೆ ಮೂಡುತ್ತಿದ್ದಂತೆ ನಿಲ್ಲಿಸಿ, ಮತ್ತೆ ಮೇಲಿನಿಂದಲೇ ನೀರು ಬಿಟ್ಟು ಹೆಚ್ಚಿನ ಪುಡಿ ತೊಳೆಯಿರಿ. ಸಣ್ಣ ವಸ್ತುವಾದರೆ ಟ್ರೇಯಲ್ಲಿ ಸುಮಾರು ಒಂದು ನಿಮಿಷ ಮುಳುಗಿಸಿ, ಇನ್ನೊಂದು ಟ್ರೇಯ ಶುದ್ಧ ನೀರಿನಲ್ಲಿ ಅದ್ದಿ ತೆಗೆಯಿರಿ. ಮಗುಚಿ ಇನ್ನೊಂದು ಬದಿಗೂ ಹೀಗೇ ಮಾಡಿ, ಪುಡಿ ಮೇಲ್ಮುಖವಾದ ಬದಿಗೆ ಮಾತ್ರ ಕೂರುತ್ತದೆ.

ಫೋಟೊ ತೆಗೆದು, ಪೂರ್ತಿ ಒಣಗಿದ ಮೇಲೆ ಜೆಲ್ ಅಥವಾ ಟೇಪ್‌ನಿಂದ ಎತ್ತಿ. ಅರ್ಧ ಒಣಗಿದಾಗ ಟೇಪ್ ಹಚ್ಚಿದರೆ ಗೆರೆ ಜಾರುತ್ತದೆ.

ಸ್ಥಳದಲ್ಲಿ ಎಸ್‌ಪಿಆರ್ ಇಲ್ಲದಿದ್ದರೆ, ಚಾಕುವಿನಂಥ ಸಣ್ಣ ವಸ್ತುವನ್ನು ಅದೇ ನಾಲೆ ನೀರಿನ ಡಬ್ಬದಲ್ಲಿ ಅಲುಗದಂತೆ ಇಟ್ಟು ಅದೇ ದಿನ ಪ್ರಯೋಗಾಲಯಕ್ಕೆ ತಲುಪಿಸಿ, ಇಲ್ಲವೇ ಪೂರ್ತಿ ಒಣಗಿಸಿ. ಹಸಿಯೂ ಅಲ್ಲದೆ ಒಣಗಿಯೂ ಇಲ್ಲದೆ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿದರೆ ಬೂಷ್ಟು, ತುಕ್ಕು ಖಚಿತ.

ಮೊಬೈಲ್ ಸಿಕ್ಕರೆ ಆನ್ ಮಾಡಬೇಡಿ, ಯಾವ ದ್ರಾವಣದಲ್ಲೂ ಮುಳುಗಿಸಬೇಡಿ. ಡಿಜಿಟಲ್ ವಿಭಾಗದವರ ಜೊತೆ ಮಾತಾಡಿ, ಯಾರು ಮೊದಲು ಎಂದು ತೀರ್ಮಾನಿಸಿಕೊಂಡು ಮುಂದುವರಿಯಿರಿ.

5. ಗ್ರೀಸ್, ಎಣ್ಣೆ, ಬೆಲ್ಲ

ಪಂಪ್‌ಸೆಟ್ ಕೇಬಲ್ ಕದ್ದವರು ಸ್ಟಾರ್ಟರ್ ಡಬ್ಬದ ಮೇಲೆ, ಕಬ್ಬಿನ ಗಾಣದ ಮೋಟಾರು ಬಿಚ್ಚಿದವರು ಅದರ ಕವಚದ ಮೇಲೆ ಅಚ್ಚು ಬಿಟ್ಟಿರುತ್ತಾರೆ. ಅದು ಎರಡು ರೀತಿ ಇರಬಹುದು. ದಪ್ಪ ಗ್ರೀಸ್‌ನಲ್ಲಿ ಬೆರಳು ಒತ್ತಿದ ಗುಳಿ ಒಂದು, ಜಿಡ್ಡಿನ ಬೆರಳು ಶುದ್ಧ ಲೋಹದ ಮೇಲೆ ಬಿಟ್ಟ ಗುರುತು ಇನ್ನೊಂದು. ಎರಡನ್ನೂ ಒಂದೇ ರೀತಿ ನೋಡಿದರೆ ಕೆಡುತ್ತದೆ.

ಒತ್ತಿದ ಗುಳಿಗೆ ಓರೆ ಬೆಳಕಿನ ಫೋಟೊ, ಆಮೇಲೆ ಸಿಲಿಕೋನ್ ಪೇಸ್ಟ್‌ನಿಂದ ಎರಕ. ಅದಕ್ಕೆ ಬೇರೇನೂ ಬೇಡ. ಪೇಸ್ಟನ್ನು ಅಚ್ಚಿನ ಪಕ್ಕದಿಂದ ಶುರುಮಾಡಿ ನಿಧಾನ ಸರಿಸಿ ತುಂಬಿ, ನಡುವೆ ಸುರಿದರೆ ಗಾಳಿಗುಳ್ಳೆ ನಿಲ್ಲುತ್ತದೆ. ಎರಕದಲ್ಲಿ ಎಡಬಲ ತಿರುಗುಮುರುಗು ಆಗಿರುತ್ತದೆ ಎಂದು ಲೇಬಲ್‌ನಲ್ಲೇ ಬರೆಯಿರಿ.

ಲೋಹದ ಮೇಲಿನ ಜಿಡ್ಡಿನ ಗುರುತಿಗೆ ಸುಡಾನ್ ಬ್ಲ್ಯಾಕ್, ಅಂದರೆ ಕೊಬ್ಬಿಗೆ ಹಿಡಿಯುವ ಬಣ್ಣ. 15 ಗ್ರಾಂ ಬಣ್ಣವನ್ನು 1 ಲೀಟರ್ ಎಥನಾಲ್‌ನಲ್ಲಿ ಕಲಕಿ, ನಂತರ 500 ಮಿ.ಲೀ. ಡಿಸ್ಟಿಲ್ಡ್ ನೀರು ಸೇರಿಸಿ. ಬಣ್ಣ ಪೂರ್ತಿ ಕರಗುವುದಿಲ್ಲ, ಅದು ತಪ್ಪಲ್ಲ. ಅಲ್ಲಾಡಿಸಿ ಬಳಸಿ. ಸುಮಾರು 2 ನಿಮಿಷ ಮುಳುಗಿಸಿ, ಹಿನ್ನೆಲೆ ತಿಳಿಯಾಗುವವರೆಗೆ ನಿಧಾನ ನೀರಿನಲ್ಲಿ ತೊಳೆಯಿರಿ. ನೀಲಿ-ಕಪ್ಪು ಗೆರೆ ಬರುತ್ತದೆ. ಗಾಢ ಬಣ್ಣದ ಮೇಲೆ ಇದು ಕಾಣುವುದಿಲ್ಲ. ಅಲ್ಲಿ ಫೋಟೊ ತೆಗೆದು ಜೆಲ್ ಲಿಫ್ಟರ್‌ಗೆ ಎತ್ತುವುದು ಮೇಲು. ಕಪ್ಪು ಗ್ರೀಸಿಗೆ ಬಿಳಿ ಜೆಲ್.

ಸೋಲುವುದು ಎಲ್ಲಿ? ಇಡೀ ಮೇಲ್ಮೈ ಜಿಡ್ಡಾಗಿದ್ದರೆ ಸುಡಾನ್ ಬ್ಲ್ಯಾಕ್ ಎಲ್ಲವನ್ನೂ ಕಪ್ಪು ಮಾಡುತ್ತದೆ. ಮೊದಲು ಒಂದು ಮೂಲೆಯಲ್ಲಿ ಹನಿ ಹಾಕಿ ನೋಡಿ. ಮ್ಯಾಗ್ನೆಟಿಕ್ ಪೌಡರನ್ನು ಕಬ್ಬಿಣದ ಭಾಗಕ್ಕೆ ತರಲೇಬೇಡಿ, ಪುಡಿ ಇಡಿಯಾಗಿ ಅದಕ್ಕೇ ಅಂಟುತ್ತದೆ.

ಆಲೆಮನೆಯ ಕೆಲಸ ಬೇರೆಯೇ. ಬೆಲ್ಲ ನೀರಿನಲ್ಲಿ ಕರಗುತ್ತದೆ, ಗಾಳಿಯ ತೇವ ಹೀರಿ ಅಂಟಂಟಾಗುತ್ತದೆ. ಪಾಕ ಮೆತ್ತಿದ ಬೆರಳಿನ ಗುರುತಿಗೆ ಎಸ್‌ಪಿಆರ್ ಹೊಡೆದರೆ ಗುರುತೇ ಕರಗಿ ಹೋಗುತ್ತದೆ, ಪೌಡರ್ ಹೊಡೆದರೆ ಅಂಟಿನ ತುಂಬ ಕೂರುತ್ತದೆ. ಅಲ್ಲಿ ಫೋಟೊವೇ ಮುಖ್ಯ ಸಾಕ್ಷ್ಯ ಎಂದುಕೊಂಡು ಅದಕ್ಕೇ ಸಮಯ ಕೊಡಿ, ಬೆಳಕಿನ ಕೋನ ಬದಲಿಸಿ ಬದಲಿಸಿ ತೆಗೆಯಿರಿ. ಮೆತ್ತಗಿನ ಅಚ್ಚುಬೆಲ್ಲದಲ್ಲಿ ಬೆರಳು ಇಳಿದಿದ್ದರೆ ಸಿಲಿಕೋನ್ ಎರಕ. ಒಲೆ ಉರಿಯುತ್ತಿರುವ ಆಲೆಮನೆಯೊಳಗೆ ಎಥನಾಲ್ ಇರುವ ಯಾವ ಬಾಟಲಿಯನ್ನೂ ತೆರೆಯಬೇಡಿ.

6. ದೀಪದ ಮಸಿ, ಕುಂಕುಮ, ಅರಿಶಿನ

ಹುಂಡಿ ಕಳವಿನಲ್ಲಿ ಇವು ಮೂರೂ ಒಟ್ಟಿಗೇ ಎದುರಾಗುತ್ತವೆ, ಜೊತೆಗೆ ಭಕ್ತರೆಲ್ಲರ ಬೆರಳು. ಹುಂಡಿಯ ಹೊರಮೈಗಿಂತ ಒಡೆದ ಬೀಗದ ಪಟ್ಟಿ, ಮುಚ್ಚಳದ ಒಳಬದಿ, ಎತ್ತಲು ಹಿಡಿದಿರಬಹುದಾದ ತಳದ ಅಂಚು ನೋಡಿ. ದರ್ಶನಕ್ಕೆ ಬಂದವರ ಕೈ ಅಲ್ಲಿಗೆ ಹೋಗಿರುವುದಿಲ್ಲ.

ಬಿಡಿ ಕುಂಕುಮವನ್ನು ಊದುವ ಮೊದಲು ಹತ್ತಿರದಿಂದ ನೋಡಿ. ಜಿಡ್ಡಿನ ಗೆರೆಗಳಿಗೆ ಅದು ತಾನೇ ಅಂಟಿ, ನಮ್ಮ ಪೌಡರ್ ಮಾಡುವ ಕೆಲಸವನ್ನು ಆಗಲೇ ಮಾಡಿ ಮುಗಿಸಿರಬಹುದು. ಫೋಟೊ ಆದ ಮೇಲೆ ರಬ್ಬರ್ ಬಲ್ಬ್‌ನಿಂದ ಊದಿ, ಬಾಯಿಂದ ಬೇಡ. ಬಾಯಿಯಿಂದ ತೇವವೂ ನಿಮ್ಮ ಡಿಎನ್‌ಎಯೂ ಹೋಗುತ್ತದೆ. ಕೆಂಪು ಹಿನ್ನೆಲೆ ತೊಡಕಾದರೆ ಕೆಂಪು ಫಿಲ್ಟರ್ ಹಾಕಿ ಕಪ್ಪು-ಬಿಳುಪಿನಲ್ಲಿ ತೆಗೆಯಿರಿ, ಕುಂಕುಮ ಮಸುಕಾಗಿ ಕಪ್ಪು ಗೆರೆ ಎದ್ದು ಕಾಣುತ್ತದೆ.

ಅರಿಶಿನ ನೀಲಿ ಬೆಳಕಿನಲ್ಲಿ ತಾನೇ ಹೊಳೆಯುತ್ತದೆ. ಹಾಗಾಗಿ ಹೊಳೆಯುವ ಬಣ್ಣಗಳನ್ನು ನಂಬಿ ಕೂತರೆ ಇಡೀ ಹುಂಡಿ ಹೊಳೆಯುತ್ತದೆ. ಎಥನಾಲ್‌ಗೆ ಅರಿಶಿನ ಕರಗಿ ಹರಡುತ್ತದೆ ಕೂಡ.

ಮಸಿಯನ್ನು ಹಂತಹಂತವಾಗಿ ತೆಗೆಯಬೇಕು: ಮೊದಲು ಬಲ್ಬ್ ಗಾಳಿ, ಆಮೇಲೆ ಜೆಲ್ ಅಥವಾ ಟೇಪ್ ಹಚ್ಚಿ ಎತ್ತುವುದು, ಮತ್ತೆ ಹೊಸ ತುಂಡು ಹಚ್ಚಿ ಎತ್ತುವುದು. ಪ್ರತಿ ಸಲ ಟೇಪನ್ನೂ ಮೇಲ್ಮೈಯನ್ನೂ ನೋಡಿ, ಅಚ್ಚು ಎರಡರಲ್ಲಿ ಯಾವುದರಲ್ಲಾದರೂ ಸಿಗಬಹುದು. ಅಷ್ಟಕ್ಕೂ ಬಿಡದ ಮಸಿಗೆ, ಪ್ರಯೋಗಾಲಯದಲ್ಲಿ ಮಾತ್ರ, ಗಾಜು ಮತ್ತು ಸ್ಟೀಲಿಗೆ 1% ಸೋಡಿಯಂ ಹೈಡ್ರಾಕ್ಸೈಡ್ ತೊಳೆತ. ಅಲ್ಯೂಮಿನಿಯಂಗೆ ಇದು ಬೇಡ, ಲೋಹವನ್ನೇ ತಿನ್ನುತ್ತದೆ. ಬಣ್ಣ ಬಳಿದದ್ದಕ್ಕೂ ಬೇಡ. ಅರಿಶಿನ ಇದ್ದಲ್ಲಿ ಕ್ಷಾರ ತಗುಲಿ ಕೆಂಪಾದರೆ ಅದನ್ನು ರಕ್ತ ಎಂದು ಬರೆದುಬಿಡಬೇಡಿ.

7. ರಕ್ತದ ಅಚ್ಚು

ಇಲ್ಲಿ ಕ್ರಮ ತಪ್ಪಿದರೆ ತಿದ್ದಲು ಅವಕಾಶವಿಲ್ಲ. ಹಸಿ ರಕ್ತವಾದರೆ ತಾನಾಗಿ ಒಣಗಲು ಬಿಡಿ. ರಕ್ತದ ಕಲೆ ಹುಡುಕಲು ಬಳಸುವ ಲೂಮಿನಾಲ್ ದ್ರಾವಣವನ್ನು ಮೊದಲು ಹೊಡೆಯಬೇಡಿ, ಗೆರೆ ಹರಿದುಹೋಗುತ್ತದೆ. ಸೂಪರ್ ಗ್ಲೂ ಹೊಗೆಯನ್ನೂ ಮೊದಲು ಕೊಡಬೇಡಿ, ಅದರ ಪೊರೆ ರಕ್ತಕ್ಕೆ ಬಣ್ಣ ಹಿಡಿಯಲು ಬಿಡುವುದಿಲ್ಲ.

ಮೊದಲ ಹಂತ ರಕ್ತವನ್ನು ಕದಲದಂತೆ ಕೂರಿಸುವುದು. 1 ಲೀಟರ್ ನೀರಿಗೆ 20 ಗ್ರಾಂ 5-ಸಲ್ಫೊಸ್ಯಾಲಿಸಿಲಿಕ್ ಆಮ್ಲ, ಕನಿಷ್ಠ 5 ನಿಮಿಷ. ದಪ್ಪ ಕಲೆಗೆ ಇನ್ನೂ ಹೆಚ್ಚು. ಗೋಡೆಯಂಥ ನಿಂತ ಮೇಲ್ಮೈಗೆ ಟಿಶ್ಯೂ ಹಾಸಿ ಅದನ್ನು ನೆನೆಸಿ.

ಎರಡನೆಯದು ಬಣ್ಣ: ಅಮಿಡೊ ಬ್ಲ್ಯಾಕ್ 1 ಗ್ರಾಂ, ಡಿಸ್ಟಿಲ್ಡ್ ನೀರು 700 ಮಿ.ಲೀ., ಎಥನಾಲ್ 250 ಮಿ.ಲೀ., ಅಸಿಟಿಕ್ ಆಮ್ಲ 50 ಮಿ.ಲೀ. ಕನಿಷ್ಠ 3 ನಿಮಿಷ. ಮೂರನೆಯದು ಬಣ್ಣವಿಲ್ಲದ ಅದೇ ಮಿಶ್ರಣದಲ್ಲಿ ಹಿನ್ನೆಲೆ ತೊಳೆಯುವುದು, ಕೊನೆಗೆ 950 ಮಿ.ಲೀ. ನೀರು, 50 ಮಿ.ಲೀ. ಅಸಿಟಿಕ್ ಆಮ್ಲದ ತೊಳೆತ. ಗೆರೆ ಕಡುನೀಲಿಯಾಗುತ್ತದೆ. ಮೊದಲ ಹಂತ ಹಾರಿಸಿದವರಿಗೆ ಟ್ರೇಯಲ್ಲಿ ರಕ್ತ ಬಿಟ್ಟುಕೊಳ್ಳುವುದು ಕಾಣುತ್ತದೆ. ಕಂಡರೆ ತಕ್ಷಣ ಎತ್ತಿ, ಮತ್ತೆ ಆಮ್ಲಕ್ಕೆ ಹಾಕಿ.

ಮೆಥನಾಲ್‌ನಲ್ಲಿ ಮಾಡುವ ಹಳೆಯ ಮಿಶ್ರಣವೂ ಇದೆ. ಅದು ಪೇಂಟು, ವಾರ್ನಿಷ್ ಕರಗಿಸುತ್ತದೆ, ಆವಿ ವಿಷ. ಮನೆಯೊಳಗಿನ ಸ್ಥಳದಲ್ಲಿ ಅದನ್ನು ಬಳಸುವುದು ನಮ್ಮ ಲೆಕ್ಕದಲ್ಲಿ ಬೇಡದ ಸಾಹಸ.

ಅಮಿಡೊ ಬ್ಲ್ಯಾಕ್ ಹಿಡಿಯುವುದು ಪ್ರೋಟೀನನ್ನು, ರಕ್ತವೊಂದನ್ನೇ ಅಲ್ಲ. ಡೈರಿಯ ಹಾಲಿನ ಕ್ಯಾನಿಗೆ ಹಾಕಿದರೆ ಹಾಲಿನ ಕಲೆಯೂ ನೀಲಿಯಾಗುತ್ತದೆ. "ರಕ್ತದ ಬೆರಳಚ್ಚು" ಎಂದು ಬರೆಯಬೇಕಾದರೆ ರಕ್ತವೆಂಬ ಬೇರೆ ಪರೀಕ್ಷೆಯ ಫಲಿತಾಂಶ ಕೈಯಲ್ಲಿರಬೇಕು. ಅದಕ್ಕೆ ಬೇಕಾದ ಮಾದರಿಯನ್ನು ಬಣ್ಣ ಹಾಕುವ ಮೊದಲೇ ತೆಗೆದಿರಬೇಕು.

8. ಟೇಪಿನ ಅಂಟುಬದಿ

ಕೈಕಾಲು ಕಟ್ಟಿದ, ಪಾರ್ಸೆಲ್ ಸುತ್ತಿದ ಟೇಪನ್ನು ಎಳೆದು ಬಿಡಿಸಬೇಡಿ. ಹರಿದ ತುದಿಗಳನ್ನು ಮೊದಲು ಫೋಟೊ ತೆಗೆಯಿರಿ, ಮುಂದೆ ರೋಲ್ ಸಿಕ್ಕರೆ ಆ ಅಂಚು ಕೂಡಿಸಿ ನೋಡಲು ಬೇಕು. ಅಂಟಿಕೊಂಡ ಪದರಗಳನ್ನು ಫ್ರೀಜರ್‌ನಲ್ಲಿಟ್ಟು ತಣ್ಣಗಾದ ಮೇಲೆ ಸ್ವಲ್ಪ ಸ್ವಲ್ಪವೇ ಬಿಡಿಸಿ.

ಅಂಟುಬದಿಗೆ ಸ್ಟಿಕಿ-ಸೈಡ್ ಪೌಡರ್: ಫೋಟೊ-ಫ್ಲೋ ಮತ್ತು ನೀರು ಸಮಸಮ, ಅದರಲ್ಲಿ ಒಂದು ಚಮಚ ಕಪ್ಪು ಪುಡಿ ಕಲಸಿ ತೆಳು ಪೇಂಟಿನ ಹದಕ್ಕೆ ತನ್ನಿ. ಮೃದು ಬ್ರಷ್‌ನಿಂದ ಬಳಿದು 30ರಿಂದ 60 ಸೆಕೆಂಡ್ ಬಿಟ್ಟು, ತಣ್ಣೀರಿನ ಸಣ್ಣ ಧಾರೆಯಲ್ಲಿ ತೊಳೆಯಿರಿ. ಮಸುಕಾಗಿದ್ದರೆ ಇನ್ನೊಮ್ಮೆ. ಕಪ್ಪು ಟೇಪಿಗೆ ಬಿಳಿ ಪುಡಿ. ಟೇಪಿನ ಹೊರಬದಿಗೆ ಸೂಪರ್ ಗ್ಲೂ ಹೊಗೆ ನಡೆಯುತ್ತದೆ.

9. ನೆನೆದ ಕಾಗದ

ನೆನೆದ ಪಹಣಿ, ಸ್ಟಾಂಪ್ ಪೇಪರಿಗೆ ನಿನ್‌ಹೈಡ್ರಿನ್ ಹಾಕುವುದು ಅತಿ ಸಾಮಾನ್ಯ ತಪ್ಪು. ಅದು ಅಮೈನೊ ಆಮ್ಲ ಹುಡುಕುತ್ತದೆ, ಅದೋ ನೀರಿನ ಜೊತೆ ಹೋಗಿಯಾಗಿದೆ. ಉಳಿದ ಕೊಬ್ಬಿಗೆ ಆಯಿಲ್ ರೆಡ್ ಓ ಎಂಬ ಬಣ್ಣ ಅಥವಾ ಫಿಸಿಕಲ್ ಡೆವಲಪರ್ ಎಂಬ ಬೆಳ್ಳಿ ದ್ರಾವಣ ಬೇಕು. ಹಳೆಯ ಅಚ್ಚಿಗೆ ಎರಡನೆಯದೇ ಗಟ್ಟಿ.

ಹಾಳೆಗಳನ್ನು ಒಂದೊಂದಾಗಿ ಬಿಡಿಸಿ, ನಡುವೆ ಬ್ಲಾಟಿಂಗ್ ಕಾಗದವಿಟ್ಟು ಕೋಣೆಯ ಉಷ್ಣತೆಯಲ್ಲಿ ಒಣಗಿಸಿ. ಇಸ್ತ್ರಿ ಬೇಡ. ಬರಹದ ಸ್ಕ್ಯಾನ್, ಶಾಯಿಯ ಪರೀಕ್ಷೆ ಮುಗಿದಿರಲಿ. ಫಿಸಿಕಲ್ ಡೆವಲಪರ್ ಬಳಸುವುದಾದರೆ, ಆಮೇಲೆ 1 ಲೀಟರ್ ಡಿಸ್ಟಿಲ್ಡ್ ನೀರಿಗೆ 25 ಗ್ರಾಂ ಮಲೇಯಿಕ್ (maleic) ಆಮ್ಲದ ದ್ರಾವಣದಲ್ಲಿ ಗುಳ್ಳೆ ನಿಲ್ಲುವವರೆಗೆ ಅದ್ದಿ. ಕಾಗದದೊಳಗಿನ ಸುಣ್ಣದಂಶ ತೀರದಿದ್ದರೆ ಬೆಳ್ಳಿ ದ್ರಾವಣದಲ್ಲಿ ಇಡೀ ಹಾಳೆ ಕಪ್ಪಾಗುತ್ತದೆ. ಮುಂದಿನ ಬೆಳ್ಳಿಯ ಹಂತ ಅನುಭವಸ್ಥರ ಕೈಗೇ ಬಿಡಿ. ಅಲ್ಲಿ ಗಾಜಿನ ಟ್ರೇ ಹೊಳೆಯುವಷ್ಟು ಶುಚಿಯಿರಬೇಕು, ಲೋಹದ ಚಿಮಟ ತಾಕಬಾರದು, ನಲ್ಲಿ ನೀರು ಸೇರಬಾರದು.

10. ಸೂಪರ್ ಗ್ಲೂ ಹೊಗೆ ಯಾವಾಗ

ಒಣ, ನೀರು ಹೀರದ, ರಕ್ತವಿಲ್ಲದ ವಸ್ತುವಿಗೆ. ಪೆಟ್ಟಿಗೆಯೊಳಗಿನ ತೇವಾಂಶ ಸುಮಾರು 80% ಇರಬೇಕು. ಫೆಬ್ರವರಿ, ಮಾರ್ಚ್‌ನ ಮೈಸೂರಿನ ಒಣಹವೆಯಲ್ಲಿ ಅದು ತಾನಾಗಿ ಬರುವುದಿಲ್ಲ, ಬಿಸಿನೀರಿನ ಬಟ್ಟಲು ಇಟ್ಟು ಮಾಪಕ ನೋಡಿ. ಗ್ಲೂ ತಟ್ಟೆಯ ಬಿಸಿ 120 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಇರಲಿ, ತೀರಾ ಕಾಯಿಸಿದರೆ ವಿಷಾನಿಲ ಹುಟ್ಟುತ್ತದೆ. ಪಕ್ಕದಲ್ಲಿಟ್ಟ ಪರೀಕ್ಷಾ ಅಚ್ಚಿನಲ್ಲಿ ಬಿಳಿ ಗೆರೆ ಕಂಡೊಡನೆ ನಿಲ್ಲಿಸಿ. ಗೆರೆಗಳ ನಡುವಿನ ಜಾಗವೂ ಬೆಳ್ಳಗಾಗತೊಡಗಿದರೆ ಮೀರಿಹೋಯಿತು ಎಂದೇ ಅರ್ಥ. ಕಡಿಮೆಯಾಗಿದ್ದರೆ ಮತ್ತೆ ಕೊಡಬಹುದು, ಹೆಚ್ಚಾದದ್ದನ್ನು ತೆಗೆಯಲಾಗದು.

ಗೆರೆ ಮಸುಕಿದ್ದರೆ ಬೇಸಿಕ್ ಯೆಲ್ಲೊ 40 ಎಂಬ ಹೊಳೆಯುವ ಬಣ್ಣ, 1 ಲೀಟರ್ ಎಥನಾಲ್‌ಗೆ 2 ಗ್ರಾಂ. ಒಂದು ನಿಮಿಷ ಅದ್ದಿ, ತೊಳೆದು, ನೀಲಿ ಬೆಳಕಿನಲ್ಲಿ ಹಳದಿ ಕನ್ನಡಕ ಹಾಕಿ ನೋಡಿ.

11. ಕಟ್ಟುವುದು, ಬರೆಯುವುದು

ಅಚ್ಚು ಇರುವ ಬದಿ ಯಾವುದಕ್ಕೂ ತಾಗದಂತೆ ವಸ್ತುವನ್ನು ರಟ್ಟಿನ ಡಬ್ಬದಲ್ಲಿ ದಾರ ಕಟ್ಟಿ ನಿಲ್ಲಿಸಿ. ಹತ್ತಿ, ಪೇಪರ್ ಚೂರು ತುರುಕಬೇಡಿ. ಮೇಲೆ "ಬೆರಳಚ್ಚಿಗೆ, ಮುಟ್ಟಬೇಡಿ" ಎಂದೂ, ಬಳಸಿದ ರಾಸಾಯನಿಕಗಳನ್ನು ಬಳಸಿದ ಕ್ರಮದಲ್ಲೇ, ಸಮಯದೊಂದಿಗೆ ಬರೆಯಿರಿ. ಇದಿಲ್ಲದಿದ್ದರೆ ಮುಂದಿನ ತಜ್ಞರಿಗೆ ಯಾವ ದಾರಿ ಉಳಿದಿದೆ ಎಂದೇ ತಿಳಿಯದು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಪ್ರಕಾರ ಶೋಧ ಮತ್ತು ಜಪ್ತಿಯ ವಿಡಿಯೊ ಆಗಬೇಕು. ವಸ್ತು ಒದ್ದೆಯಾಗಿತ್ತು, ಮಸಿ ಹಿಡಿದಿತ್ತು ಎಂಬ ಸ್ಥಿತಿಯೂ ಆ ವಿಡಿಯೊದಲ್ಲಿ ಕಾಣಲಿ, ಮಹಜರಿನಲ್ಲೂ ಬರಲಿ.

ಮನೆಯವರು, ಅರ್ಚಕರು, ಆಲೆಮನೆ ಆಳುಗಳು, ಮೊದಲು ಸ್ಥಳಕ್ಕೆ ಬಂದ ಪೇದೆ, ಹೀಗೆ ಸಹಜವಾಗಿ ಮುಟ್ಟಿರಬಹುದಾದವರ ಬೆರಳಚ್ಚನ್ನು ಅದೇ ದಿನ ತೆಗೆದುಕೊಳ್ಳಿ. ಕಬ್ಬು ಕಡಿಯುವವರ, ಗಾರೆ ಕೆಲಸದವರ ಬೆರಳ ಗೆರೆ ಸವೆದಿರುತ್ತದೆ. ಅವರ ಕೈ ತೊಳೆಸಿ, ಒಣಗಿಸಿ, ಶಾಯಿ ತೆಳ್ಳಗೆ ಹಚ್ಚಿ, ಪ್ರತಿ ಬೆರಳನ್ನೂ ಎರಡೆರಡು ಸಲ ತೆಗೆಯಿರಿ.